ಹಳೆಯ ಎಂಎಕ್ಸ್-5ಗೆ ಹಿಂದಿನ ಬ್ರೇಕ್ ದೊಡ್ಡದು ಹಾಕಿಸಬೇಕೆ? ಹಾಕಿಸಿದವರು ತಿಳಿಸಿ

ಪ್ರಶ್ನೆ, ಶೆಫೀಲ್ಡ್‌ನಿಂದ:

ನನ್ನದು 1990ರ ಯೂನೋಸ್ ರೋಡ್‌ಸ್ಟರ್, ಅಂದರೆ ಜಪಾನಿನಿಂದ ಇಲ್ಲಿಗೆ ಬಂದ ಮಾಜ್ದಾ ಎಂಎಕ್ಸ್-5. ಎಂಜಿನ್ 1.6 ಲೀಟರಿನದು, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲ. ಇಲ್ಲಿನ ಗುಡ್ಡದ ರಸ್ತೆ ಸ್ನೇಕ್ ಪಾಸ್ ಇಳಿಯುವಾಗ ಪೆಡಲ್ ಮೆತ್ತಗಾಗುತ್ತದೆ. ಹ್ಯಾಂಡ್‌ಬ್ರೇಕನ್ನಂತೂ ನಂಬುವಂತಿಲ್ಲ, ಇಳಿಜಾರಿನಲ್ಲಿ ನಿಲ್ಲಿಸುವಾಗ ಗೇರಿಗೆ ಹಾಕಿಯೇ ಗಾಡಿಯಿಂದ ಇಳಿಯುತ್ತೇನೆ. 1.8 ಗಾಡಿಯ ಹಿಂದಿನ ಬ್ರೇಕ್ ಇದಕ್ಕೆ ಕೂರುತ್ತದೆ ಎಂದು ಕೇಳಿದ್ದೇನೆ, ಹಳೆಯ ಬಿಡಿಭಾಗ ಮಾರುವವರೊಬ್ಬರ ಬಳಿ ಒಂದು ಜೊತೆ ಇದೆ. ಹಿಂದಿನದನ್ನು ಮಾತ್ರ ಬದಲಿಸಿದರೆ ಸಾಕೆ?

ಕಾವೆಂಟ್ರಿಯಿಂದ:

ಸರ್, ಮುಂಗಡ ಕೊಡುವ ಮೊದಲು ಸ್ವಲ್ಪ ತಾಳಿ. ನೀವು ಹೇಳಿರುವುದು ಎರಡು ಬೇರೆ ಬೇರೆ ತೊಂದರೆ, ಮತ್ತು ನನ್ನ ಪ್ರಕಾರ ಎರಡಕ್ಕೂ ಡಿಸ್ಕಿನ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆಯ) ಗಾತ್ರ ಕಾರಣವಲ್ಲ.

ಮೊದಲು ಹ್ಯಾಂಡ್‌ಬ್ರೇಕ್. ಈ ಗಾಡಿಯಲ್ಲಿ ಅದಕ್ಕೆಂದು ಪ್ರತ್ಯೇಕ ಡ್ರಮ್ ಇಲ್ಲ. ಕೇಬಲ್ ಎಳೆದಾಗ ಹಿಂದಿನ ಕ್ಯಾಲಿಪರಿನ (ಡಿಸ್ಕನ್ನು ಎರಡೂ ಬದಿಯಿಂದ ಪ್ಯಾಡಿನಿಂದ ಅದುಮುವ ಭಾಗದ) ಪಿಸ್ಟನ್ನೇ ಪ್ಯಾಡನ್ನು ಒತ್ತುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವಿನ ಅಂತರವನ್ನು ಕೈಯಿಂದ ಹೊಂದಿಸಬೇಕು. ಎಷ್ಟೋ ಕಡೆ ಅದನ್ನು ಬಿಟ್ಟು, ಕೇಬಲನ್ನು ಮಾತ್ರ ಬಿಗಿ ಮಾಡಿ ಕಳಿಸುತ್ತಾರೆ. ಕ್ಯಾಲಿಪರಿನ ಹಿಂಬದಿಯಲ್ಲಿ ಮುಚ್ಚಳದ ಹಾಗೆ ಒಂದು ಬೋಲ್ಟ್ ಇರುತ್ತದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ, ಆ ಬೋಲ್ಟ್ ಬಿಚ್ಚಿ, ಒಳಗೆ 4 ಮಿ.ಮೀ. ಅಲೆನ್ ಕೀ ಹಾಕಿ ಡಿಸ್ಕ್ ತಿರುಗದಷ್ಟು ಬಿಗಿಯಾಗುವವರೆಗೆ ಪ್ರದಕ್ಷಿಣವಾಗಿ ತಿರುಗಿಸಿ. ಆಮೇಲೆ ಮೂರನೇ ಒಂದು ಸುತ್ತು ಸಡಿಲಿಸಿ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ಸರಿಸುವುದೂ ಇದೇ ಕೀಲಿಯಿಂದ, ಅಪ್ರದಕ್ಷಿಣವಾಗಿ. ಮುಂದಿನ ಬ್ರೇಕಿನಂತೆ ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಜೋಡಣೆ ಕೆಡುತ್ತದೆ. ನನ್ನ ಗಾಡಿಯ ಎಡ ಕ್ಯಾಲಿಪರನ್ನು ಒಂದು ಗ್ಯಾರೇಜಿನವರು ಹೀಗೆಯೇ ಹಾಳು ಮಾಡಿ, ಹೊಸದರ ಬಿಲ್ಲನ್ನೂ ನನ್ನ ಕೈಗೇ ಕೊಟ್ಟರು.

ಕ್ಯಾಲಿಪರ್ ಜಾರುವ ಪಿನ್ನುಗಳನ್ನೂ ಬಿಚ್ಚಿ ನೋಡಿ. ಇಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ, ಬೇಸಿಗೆಗೆಂದೇ ಇಟ್ಟುಕೊಂಡ ಗಾಡಿ ತಿಂಗಳುಗಟ್ಟಲೆ ನಿಂತಿರುತ್ತದೆ. ಪಿನ್ನು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಆಗ ಒಳಗಿನ ಪ್ಯಾಡ್ ಮಾತ್ರ ಕೆಲಸ ಮಾಡುತ್ತದೆ. ಎಂಒಟಿ ಪರೀಕ್ಷೆಯಲ್ಲಿ, ಅಂದರೆ ಇಲ್ಲಿನ ವಾರ್ಷಿಕ ವಾಹನ ತಪಾಸಣೆಯಲ್ಲಿ, ಪಾರ್ಕಿಂಗ್ ಬ್ರೇಕಿಗೆ ಶೇ 16ರಷ್ಟು ದಕ್ಷತೆ ಇದ್ದರೆ ಪಾಸು. ಅದಕ್ಕೇ ಪಾಸಾದ ಚೀಟಿಯನ್ನು ನೆಚ್ಚಬೇಡಿ. ಬ್ರೇಕ್ ಅಳೆಯುವ ರೋಲರ್ ಮೇಲೆ ಎಡಕ್ಕೆಷ್ಟು, ಬಲಕ್ಕೆಷ್ಟು ಬಂತು ಎಂದು ಕೇಳಿ. ಅಂತರ ಹೆಚ್ಚಿದ್ದರೆ ಕಡಿಮೆ ಬಂದ ಕಡೆಯಿಂದ ಶುರು ಮಾಡಿ.

ಇನ್ನು ಹಿಂದಿನದನ್ನು ಮಾತ್ರ ದೊಡ್ಡದು ಮಾಡುವ ವಿಚಾರ: ಬೇಡ. ನಿಮ್ಮ ಗಾಡಿಯ ಡಿಸ್ಕ್ ಮುಂದೆ 235 ಮಿ.ಮೀ., ಹಿಂದೆ 231. 1994ರಲ್ಲಿ 1.8 ಬಂದಾಗ ಕಂಪನಿ ಎರಡನ್ನೂ 20 ಮಿ.ಮೀ. ಹಿಗ್ಗಿಸಿತು. ಹಾಗೆ ಮಾಡಿದರೆ ಎರಡು ಕಡೆಯೂ ಹಿಡಿತ ಹತ್ತಿರ ಹತ್ತಿರ ಒಂದೇ ಪ್ರಮಾಣದಲ್ಲಿ, ಶೇ 10ರ ಆಸುಪಾಸು ಏರುತ್ತದೆ. ಹಿಂದು ಮುಂದಿನ ಲೆಕ್ಕ ಕೆಡುವುದಿಲ್ಲ. ಹಿಂದೆ ಮಾತ್ರ ಏರಿಸಿದರೆ ಕೆಡುತ್ತದೆ. ನಿಂತಾಗ ಈ ಗಾಡಿಯ ಭಾರ ಮುಂದೆ ಅರ್ಧ, ಹಿಂದೆ ಅರ್ಧ. ಜೋರಾಗಿ ಬ್ರೇಕ್ ಒತ್ತಿದಾಗ ಹಿಂದೆ ಉಳಿಯುವುದು ಸುಮಾರು ಮೂರನೇ ಒಂದು ಪಾಲು. ಮುಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ನೇರ ಜಾರುತ್ತದೆ, ಪೆಡಲ್ ಸಡಿಲಿಸಿದರೆ ಸ್ಟೀರಿಂಗ್ ಮತ್ತೆ ಮಾತು ಕೇಳುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಬಾಲ ಮುಂದೆ ಬರುತ್ತದೆ. ಎಬಿಎಸ್ ಇಲ್ಲದೆ, ಒದ್ದೆಯಾದ ಸ್ನೇಕ್ ಪಾಸಿನ ತಿರುವಿನಲ್ಲಿ ಅದನ್ನು ಪರೀಕ್ಷಿಸಿ ನೋಡಬೇಡಿ.

ಸ್ಯಾನ್ ಹೋಸೆಯಿಂದ:

ಕಾವೆಂಟ್ರಿಯವರ ಮಾತಿಗೆ ಒಂದು ಸಣ್ಣ ತಕರಾರು. ದೊಡ್ಡ ಡಿಸ್ಕಿನಿಂದ ಏನೂ ಉಪಯೋಗವಿಲ್ಲ ಎಂದು ಯಾರೂ ತಿಳಿಯುವುದು ಬೇಡ. ಗಾಡಿ ನಿಲ್ಲುವ ದೂರ ಕಡಿಮೆಯಾಗುವುದಿಲ್ಲ, ನಿಜ. ಚಕ್ರ ಲಾಕ್ ಮಾಡುವ ಶಕ್ತಿ ಈಗಿನ ಬ್ರೇಕಿಗೇ ಇದೆ, ಮಿಕ್ಕದ್ದು ಟೈರಿನ ಕೈಯಲ್ಲಿದೆ. ಆದರೆ ದೊಡ್ಡ ಡಿಸ್ಕ್ ಹೆಚ್ಚು ಶಾಖ ತಡೆದುಕೊಳ್ಳುತ್ತದೆ. ನಾನು ಲಗೂನಾ ಸೆಕಾ ಟ್ರ್ಯಾಕಿಗೆ ಹೋಗುವವನು, ಅಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ನನ್ನದಕ್ಕೆ 2001ರ ನಂತರದ ಎಂಎಕ್ಸ್-5ರ ಸ್ಪೋರ್ಟ್ ಬ್ರೇಕ್ ಹಾಕಿಸಿದ್ದೇನೆ, ಮುಂದೆ 270 ಮಿ.ಮೀ., ಹಿಂದೆ 276. ಹೌದು, ಹಿಂದಿನದೇ ಅಗಲ! ನೋಡಿದವರೆಲ್ಲ ಅಳತೆ ಅದಲುಬದಲಾಗಿದೆ ಎನ್ನುತ್ತಾರೆ. ಆದರೆ ಹಿಂದಿನದು ತೆಳುವಾದ ಗಟ್ಟಿ ತಟ್ಟೆ, ಅದರ ಪಿಸ್ಟನ್ನೂ ಚಿಕ್ಕದು. ಗಾಳಿಯಾಡುವ ದಪ್ಪ ಡಿಸ್ಕ್ ಮುಂದಿನದು. ವ್ಯಾಸವೊಂದನ್ನೇ ನೋಡಿ ಬ್ರೇಕಿನ ಬಲ ಅಳೆಯಬಾರದು.

ನಿಮ್ಮ ಮೆತ್ತಗಾಗುವ ಪೆಡಲಿನ ವಿಷಯಕ್ಕೆ ಬಂದರೆ, ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದಿದೆ ಎಂದರ್ಥ. ಪೆಡಲ್ ಕೆಳಗೆ ಇಳಿದರೆ ಬ್ರೇಕ್ ಆಯಿಲ್ ಕುದಿಯುತ್ತಿರಬಹುದು. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಬೀಳುತ್ತದೆ. ಪೂರ್ತಿ ಹೊಸ ಆಯಿಲ್ ತುಂಬಿಸಿ, ನಾಲ್ಕೂ ಚಕ್ರದಲ್ಲಿ ಗಾಳಿ ತೆಗೆಸಿ. ಡಾಟ್ 5 ಎಂದು ಬರೆದದ್ದು ಸಿಲಿಕೋನ್, ಅದು ಬೇಡ, 5.1 ಆಗಬಹುದು.

ಲೀಡ್ಸ್‌ನಿಂದ:

ಬ್ರೇಕ್ ಬದಲಿಸಿದರೆ ವಿಮೆಯವರಿಗೆ ಮೊದಲೇ ತಿಳಿಸಿ. ಕಂಪನಿಯದೇ ಬಿಡಿಭಾಗವಾದರೂ ನಿಮ್ಮ ಮಾಡೆಲಿನದಲ್ಲ, ಅವರ ಲೆಕ್ಕದಲ್ಲಿ ಅದು ಮಾರ್ಪಾಡು.

ಶೆಫೀಲ್ಡ್‌ನಿಂದ ಮತ್ತೆ:

ಎಲ್ಲರಿಗೂ ಧನ್ಯವಾದ. ಚಕ್ರ ಬಿಚ್ಚಿಸಿ ನೋಡಿದೆ. ಎಡ ಹಿಂಬದಿಯ ಪಿನ್ನು ಅಲುಗುತ್ತಲೇ ಇರಲಿಲ್ಲ, ಒಳಗಿನ ಪ್ಯಾಡ್ ತಗಡು ಕಾಣುವಷ್ಟು ಸವೆದಿದೆ. ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಪಿನ್ನು, ಪ್ಯಾಡ್, ಆಯಿಲ್ ಮೂರೂ ಬದಲಾದವು, ಹ್ಯಾಂಡ್‌ಬ್ರೇಕ್ ಈಗ ಇಳಿಜಾರಿನಲ್ಲಿ ನಿಲ್ಲುತ್ತದೆ. ಮಾರುವವರು ಈಗ ಮುಂದಿನ ಜೊತೆಯನ್ನೂ ಸೇರಿಸಿ ಕೊಡುತ್ತೇನೆ ಎನ್ನುತ್ತಿದ್ದಾರೆ. ನನ್ನದು 14 ಇಂಚಿನ ಚಕ್ರ, ಹಿಡಿಸುತ್ತದೆಯೆ?

ಕಾವೆಂಟ್ರಿಯಿಂದ:

1.8ರದ್ದು 14 ಇಂಚಿನೊಳಗೆ ಹಿಡಿಸುತ್ತದೆ. ಸ್ಯಾನ್ ಹೋಸೆಯವರು ಹೇಳಿದ ಸ್ಪೋರ್ಟ್ ಬ್ರೇಕಿಗೆ 15 ಬೇಕು. ತೆಗೆದುಕೊಳ್ಳುವುದಾದರೆ ಕ್ಯಾಲಿಪರ್, ಅದನ್ನು ಹೊರುವ ಬ್ರಾಕೆಟ್, ಡಿಸ್ಕ್ ಎಲ್ಲವೂ ಒಂದೇ ಗಾಡಿಯಿಂದ ಬಿಚ್ಚಿದ್ದಾಗಿರಲಿ. ಡಿಸ್ಕಿನ ಹಿಂದಿನ ತಗಡಿನ ಮರೆ ಹೊಸ ಡಿಸ್ಕಿಗೆ ತಗಲುವುದುಂಟು, ಅದನ್ನು ಸ್ವಲ್ಪ ಬಗ್ಗಿಸಬೇಕಾದೀತು. ಹಣ ಕೊಡುವ ಮೊದಲು ನಾಲ್ಕೂ ಕ್ಯಾಲಿಪರಿನ ಪಿನ್ನುಗಳು ಕೈಯಿಂದ ಸಲೀಸಾಗಿ ಜಾರುತ್ತವೆಯೆ ನೋಡಿ.