1968ರ ಪರ್ಯಾಯ ನೆನಪಿದೆ, 2024ರದ್ದು ಇಲ್ಲ. ಅಮ್ಮನನ್ನು ಡಾಕ್ಟರಿಗೆ ತೋರಿಸಬೇಕಾ?

ಉಡುಪಿಯ ಮಗಳು: ಅಮ್ಮನಿಗೆ 73. 1968ರ ಪೇಜಾವರ ಮಠದ ಪರ್ಯಾಯಕ್ಕೆ (ಕೃಷ್ಣ ಮಠದ ಪೂಜೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಹಬ್ಬ) ಯಾರ ಜೊತೆ ಹೋದದ್ದು, ಯಾವ ಲಂಗ ಹಾಕಿದ್ದು, ಎಲ್ಲ ಹೇಳುತ್ತಾರೆ. 2024ರ ಪುತ್ತಿಗೆ ಪರ್ಯಾಯಕ್ಕೆ ನಾನೇ ಕರ್ಕೊಂಡು ಹೋಗಿ ರಥಬೀದಿಯಲ್ಲಿ ಕೂರಿಸಿದ್ದೆ. "ನಾನು ಹೋಗೇ ಇಲ್ಲ" ಅಂತಾರೆ. ಇದು ಪ್ರಾಯದ್ದಾ? ಅನುಭವ ಇದ್ದವರು ಹೇಳಿ.

ಶಂಕರಪುರದ ಸೊಸೆ: ನಮ್ಮ ಅತ್ತೆ ಮಲ್ಲಿಗೆ ಕಟ್ಟುವವರು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಬಾಳೆನಾರಿನಲ್ಲಿ ಇವತ್ತಿಗೂ ಕೈ ತಪ್ಪುವುದಿಲ್ಲ. ಊಟ ಆಯ್ತಾ ಅಂದರೆ ಮಾತ್ರ ಗೊತ್ತಿಲ್ಲ. ಎಮ್‌ಆರ್‌ಐಗೆ 7,500, ಮೂರು ಸಲ ಮಂಗಳೂರಿಗೆ ಕಾರು 2,200ರಂತೆ, ಮೇಲಿಂದ ನಿದ್ದೆ ಮಾತ್ರೆ ಬೇರೆ, ಅದನ್ನು ತಿಂದು ಬಚ್ಚಲಲ್ಲಿ ಬಿದ್ದು ಆರು ವಾರ ಕೈಗೆ ಪ್ಲಾಸ್ಟರ್. ಕೊನೆಗೆ ಊರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಬಿ12 ತೀರಾ ಕಡಿಮೆ! ಇಂಜೆಕ್ಷನ್ ಶುರುವಾಗಿ ಮೂರು ತಿಂಗಳಲ್ಲಿ ಎಷ್ಟೋ ವಾಸಿ. ಎಂಟು ತಿಂಗಳು ಸುಮ್ನೆ ಹೋಯಿತು. ಮೊದಲು ಬಿ12, ಥೈರಾಯ್ಡ್ ನೋಡಿಸಿ.

ಸುರತ್ಕಲ್‌ನ ಮಗ: ಇದನ್ನು ಓದಿ ಇಂಜೆಕ್ಷನ್ ಸಾಕು ಅಂದುಕೊಳ್ಳಬೇಡಿ. ನಮ್ಮ ಅಪ್ಪನ ಬಿ12 ಸರಿಯೇ ಇತ್ತು. ಹಂಚಿನ ಕಾರ್ಖಾನೆಯಲ್ಲಿ 31 ವರ್ಷ ದುಡಿದವರು, ಮೊದಲ ತಿಂಗಳ ಸಂಬಳ ಪೈಸೆ ಸಮೇತ ಹೇಳುತ್ತಿದ್ದರು. ಅದನ್ನು ಕೇಳಿಯೇ ನೆನಪು ಗಟ್ಟಿ ಇದೆ ಅಂತ ಎರಡು ವರ್ಷ ಕಳೆದೆವು. ಅಲ್ಝೈಮರ್ ಅನ್ನುವ ಮರೆವಿನ ರೋಗ ಮೊದಲು ಹಿಡಿಯುವುದೇ ಮೆದುಳಿನಲ್ಲಿ ಹೊಸ ನೆನಪು ಕೂರಿಸುವ ಜಾಗವನ್ನು, ಹಿಪೊಕ್ಯಾಂಪಸ್ ಅಂತ. ಹಳೆಯದು, ಅದರಲ್ಲೂ ಹರೆಯದ್ದು, ಎಷ್ಟೋ ಕಾಲ ಉಳಿಯುತ್ತದೆ. ಒಂದು ದಿನ ಮನೆಗೆ ಯಾವ ಬಸ್ಸು ಅಂತ ಗೊತ್ತಾಗದೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಲ್ಲಿ ರಾತ್ರಿ ಹತ್ತರವರೆಗೆ ಕೂತಿದ್ದರು. ಆಮೇಲೆ ತೋರಿಸಿದೆವು.

ಶಂಕರಪುರದ ಸೊಸೆ: ಇಂಜೆಕ್ಷನ್ ಸಾಕು ಅಂತ ನಾನೆಲ್ಲಿ ಬರೆದೆ? ಸರಿಯಾಗಿ ಓದಿ ಮಾರಾಯ್ರೆ. ಎಂಟು ತಿಂಗಳು ನೋಡಿಕೊಂಡದ್ದು ನಾನು.

ಸುರತ್ಕಲ್‌ನ ಮಗ: ನಾನು ಆರು ವರ್ಷ.

ಕಾರ್ಕಳದ ಟೀಚರ್: ನನಗೇ 71. ಮರೆತ ಕೂಡಲೇ ರೋಗ ಅನ್ನಬೇಡಿ. ಪ್ರಾಯ ಆದರೆ ಹೆಸರು ತಡವಾಗಿ ಬರುತ್ತದೆ, ಸ್ವಲ್ಪ ಸುಳಿವು ಕೊಟ್ಟರೆ ಬಂದೇ ಬರುತ್ತದೆ. ಫೋಟೋ ತೋರಿಸಿದರೂ ಹೋದದ್ದೇ ಗೊತ್ತಿಲ್ಲ ಅಂದರೆ ಅದು ಬೇರೆ ವಿಷಯ. ನನ್ನದು ಕಿವಿ ತೊಂದರೆ. ಕೇಳಿಸಿದ್ದರೆ ತಾನೇ ನೆನಪಿರುವುದು? ಎರಡು ಮಿಷನ್‌ಗೆ 64,000, ಒಂದು ನೀರಿಗೆ ಬಿದ್ದು ಹಾಳಾಯಿತು. ಮತ್ತೆ, ಈಗ ಚೆಂಡಿಗೆ 800 ಮೊಗ್ಗು ಯಾರು ಕೊಡುತ್ತಾರೆ? ಮೊನ್ನೆ ಎಣಿಸಿದೆ, 700 ಇಲ್ಲ.

ಶಂಕರಪುರದ ಸೊಸೆ: ನಮ್ಮ ಮನೆಯ ಚೆಂಡಲ್ಲಿ ಒಂದು ಮೊಗ್ಗೂ ಕಡಿಮೆ ಇಲ್ಲ. ಅತ್ತೆ ಎಣಿಸಿಯೇ ಕಟ್ಟುವುದು. ಬಂದು ನೋಡಿ.

ಉಡುಪಿಯ ಮಗಳು: ಫೋಟೋ ಈಗಷ್ಟೇ ತೋರಿಸಿದೆ ಟೀಚರೇ. "ಸೀರೆ ನನ್ನದೇ, ಯಾವಾಗ ಉಟ್ಟದ್ದು?" ಅಂತ ಕೇಳಿದರು. ಸೋಮವಾರವೇ ಕರ್ಕೊಂಡು ಹೋಗುತ್ತೇನೆ.