ಊರಿಂದ ಇಂಗ್ಲೆಂಡಿಗೆ ಗೌರಿ ಹಬ್ಬದ ಪಾರ್ಸೆಲ್: ಸುಂಕ, ವ್ಯಾಟ್ ಎಷ್ಟು ಬೀಳುತ್ತದೆ, ಎಲ್ಲಿ ಕಟ್ಟಬೇಕು?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗೌರಿ ಹಬ್ಬಕ್ಕೆ ಶಿವಮೊಗ್ಗದಿಂದ ಅಮ್ಮ ಪಾರ್ಸೆಲ್ ಕಳಿಸುತ್ತೇನೆ ಅಂದಿದ್ದಾರೆ. ನಾವಿರುವುದು ರೆಡಿಂಗ್‌ನಲ್ಲಿ. ನನಗೊಂದು ಸೀರೆ, ಯಜಮಾನರಿಗೆ ಪಂಚೆ-ಶಲ್ಯ, ಆರು ವರ್ಷದ ಮಗಳಿಗೆ ಲಂಗ-ಬ್ಲೌಸು, ಒಂದೆರಡು ಪುಸ್ತಕ, ಕಾಫಿಪುಡಿ, ಚಟ್ನಿಪುಡಿ, ತುಪ್ಪದ ಮೈಸೂರು ಪಾಕ್. ಎಲ್ಲ ಸೇರಿ ನೂರು ಪೌಂಡ್ ಒಳಗೇ ಆಗುತ್ತದೆ. ಉಡುಗೊರೆ ಎಂದು ಬರೆದರೆ ತೆರಿಗೆಯೇ ಇಲ್ಲ ಎನ್ನುತ್ತಾರೆ ಕೆಲವರು, 135 ಪೌಂಡ್ ತನಕ ಇಲ್ಲ ಎನ್ನುತ್ತಾರೆ ಇನ್ನು ಕೆಲವರು. ಯಾವುದು ಸರಿ? ಅಮ್ಮ ಅಂಚೆ ಕಚೇರಿಯಲ್ಲಿ ಏನೇನು ಬರೆಯಬೇಕು? ಕಟ್ಟಬೇಕಾಗಿ ಬಂದರೆ ಎಲ್ಲಿ ಕಟ್ಟುವುದು?

ಅಂಚೆಪೆಟ್ಟಿಗೆ ಉತ್ತರ:

ಎರಡೂ ಅರ್ಧ ಸರಿ. ಇಲ್ಲಿ ಎರಡು ಬೇರೆ ಬೇರೆ ತೆರಿಗೆಗಳಿವೆ. ಒಂದು ಕಸ್ಟಮ್ಸ್ ಸುಂಕ, ಇನ್ನೊಂದು ಆಮದು ವ್ಯಾಟ್. 135 ಪೌಂಡ್ ಮಿತಿ ಸುಂಕಕ್ಕೆ ಮಾತ್ರ. ಉಡುಗೊರೆಗೆ ವ್ಯಾಟ್ ಮಾಫಿ ಇರುವುದು 39 ಪೌಂಡ್‌ವರೆಗೆ. ಮದ್ಯ, ತಂಬಾಕು, ಸುಗಂಧದ್ರವ್ಯಕ್ಕೆ ಈ ಲೆಕ್ಕ ಹೊಂದುವುದಿಲ್ಲ.

39 ದಾಟಿದರೆ ದಾಟಿದಷ್ಟಕ್ಕೆ ಮಾತ್ರ ವ್ಯಾಟ್ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಪೂರ್ತಿ ಮೊತ್ತಕ್ಕೆ ಬೀಳುತ್ತದೆ. ಇಎಂಎಸ್ ಸ್ಪೀಡ್ ಪೋಸ್ಟ್ (ಅಂಚೆಯ ವಿದೇಶಿ ಶೀಘ್ರ ಸೇವೆ) ಅಥವಾ ಕೊರಿಯರ್‌ನಲ್ಲಿ ಬಂದರೆ ಸಾಗಣೆ ಖರ್ಚೂ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಪಾರ್ಸೆಲ್‌ನ ಮೇಲೆ ಅಮ್ಮ ಬರೀ ‘ಬಟ್ಟೆ, ತಿಂಡಿ, ಪುಸ್ತಕ, 95 ಪೌಂಡ್’ ಎಂದು ಒಟ್ಟಿಗೆ ಬರೆದು, ಸ್ಪೀಡ್ ಪೋಸ್ಟ್‌ಗೆ 30 ಪೌಂಡ್ ಆಯಿತು ಅನ್ನಿ. 125ಕ್ಕೆ ಶೇ. 20ರಂತೆ 25 ಪೌಂಡ್ ವ್ಯಾಟ್, ಅದರ ಮೇಲೆ ತಲುಪಿಸುವವರ ನಿರ್ವಹಣಾ ಶುಲ್ಕ.

135ರಿಂದ 630 ಪೌಂಡ್ ನಡುವಿನ ಉಡುಗೊರೆಗೆ ಶೇ. 2.5 ಸುಂಕ, ಆ ವಸ್ತುವಿನ ನಿಜವಾದ ದರ ಅದಕ್ಕಿಂತ ಕಡಿಮೆಯಿದ್ದರೆ ಅದೇ. ಮದುವೆಗೆ 400 ಪೌಂಡ್ ಬೆಲೆಯ ರೇಷ್ಮೆ ಸೀರೆ ಬಂತು, ಸಾಗಣೆ 40 ಎಂದಿಟ್ಟುಕೊಳ್ಳಿ. 440ಕ್ಕೆ ಸುಂಕ 11 ಪೌಂಡ್. ವ್ಯಾಟ್ ಹಾಕುವುದು ಸುಂಕವನ್ನೂ ಸೇರಿಸಿಕೊಂಡು, ಅಂದರೆ 451ಕ್ಕೆ 90.20. ಒಟ್ಟು 101.20. ನೋಡಿ, ಜೇಬಿಗೆ ಬೀಳುವ ಪೆಟ್ಟು ಸುಂಕದ್ದಲ್ಲ, ವ್ಯಾಟ್‌ನದು.

ಇದು ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್ ಲೆಕ್ಕ. ಉತ್ತರ ಐರ್ಲೆಂಡಿನವರು ಇದನ್ನೇ ನಂಬಿಕೊಳ್ಳಬೇಡಿ, ಅಲ್ಲಿ ನಿಯಮಗಳಲ್ಲಿ ವ್ಯತ್ಯಾಸವಿದೆ.

ಮಲ್ಲಿಗೆಮೊಗ್ಗು ಉತ್ತರ:

ಅಂಚೆಪೆಟ್ಟಿಗೆಯವರ ಲೆಕ್ಕ ಸರಿ. ಆದರೆ ನಿಮ್ಮ ಪಾರ್ಸೆಲ್‌ಗೆ ಒಂದು ಪೌಂಡೂ ಕಟ್ಟದೆ ಪಾರಾಗುವ ನ್ಯಾಯವಾದ ದಾರಿಯೇ ಇದೆ, ಕಾನೂನಿನಲ್ಲೇ ಕೊಟ್ಟಿರುವುದು. 39 ಪೌಂಡ್ ಮಾಫಿ ಒಂದು ಡಬ್ಬಕ್ಕೆ ಇಷ್ಟು ಅಂತಲ್ಲ, ಒಬ್ಬೊಬ್ಬರ ಉಡುಗೊರೆಗೆ ಇಷ್ಟು ಅಂತ. ಒಂದೇ ಪಾರ್ಸೆಲ್‌ನಲ್ಲಿ ಬೇರೆ ಬೇರೆಯವರಿಗೆ ಉಡುಗೊರೆ ಇದ್ದು, ಪ್ರತಿಯೊಂದನ್ನೂ ಬೇರೆಯಾಗಿ ಸುತ್ತಿ, ಡಿಕ್ಲರೇಶನ್‌ನಲ್ಲಿ (ಪಾರ್ಸೆಲ್ ಮೇಲಿನ ಕಸ್ಟಮ್ಸ್ ಫಾರಂನಲ್ಲಿ) ಬೇರೆ ಬೇರೆ ಬೆಲೆ ಸಮೇತ ಬರೆದಿದ್ದರೆ ಮೂವರಿಗೂ ಮಾಫಿ ಸಿಗುತ್ತದೆ.

ಸೀರೆ 37 ಪೌಂಡ್, ನಿಮ್ಮ ಹೆಸರಿಗೆ. ಪಂಚೆ-ಶಲ್ಯ 20, ಪುಸ್ತಕ 12, ಕಾಫಿಪುಡಿ 5, ಯಜಮಾನರ ಹೆಸರಿಗೆ. ಲಂಗ-ಬ್ಲೌಸು 18, ಚಟ್ನಿಪುಡಿ 3, ಮಗಳ ಹೆಸರಿಗೆ. ಅದೇ 95 ಪೌಂಡ್ ಸಾಮಾನು, ಆದರೆ ಯಾರದೂ 39 ದಾಟಲಿಲ್ಲ. ಸೀರೆ 60 ಪೌಂಡಿನದಾದರೆ ಅದರ ಪೂರ್ತಿ ಬೆಲೆಗೆ ವ್ಯಾಟ್ ಬೀಳುತ್ತದೆ, ಉಳಿದಿಬ್ಬರದು ಹಾಗೇ ದಾಟುತ್ತದೆ. ಬೆಲೆ ಮಾತ್ರ ನಿಜವಾದದ್ದೇ ಇರಲಿ. ರೇಷ್ಮೆ ಸೀರೆಗೆ ಐದು ಪೌಂಡ್ ಎಂದು ಬರೆದರೆ ಪಾರ್ಸೆಲ್ ತಡೆದು ಅವರೇ ಬೆಲೆ ಕಟ್ಟಬಹುದು, ಮುಟ್ಟುಗೋಲೂ ಹಾಕಿಕೊಳ್ಳಬಹುದು. ಕಳೆದುಹೋದರೆ ಪರಿಹಾರವೂ ಆ ಐದು ಪೌಂಡ್ ಲೆಕ್ಕದಲ್ಲೇ.

ಅಮ್ಮ ತುಂಬುವ ಫಾರಂ ಸಿಎನ್ 22 ಅಥವಾ ಸಿಎನ್ 23, ಸಣ್ಣ ಪ್ಯಾಕೆಟ್‌ಗೆ ಮೊದಲನೆಯದು. ಇಲ್ಲಿನ ಅಧಿಕಾರಿ ನೋಡುವುದು ಆ ಹಾಳೆಯನ್ನೇ ಹೊರತು ನಿಮ್ಮ ಮನಸ್ಸಿನಲ್ಲಿರುವುದನ್ನಲ್ಲ. ಆದ್ದರಿಂದ ‘ಉಡುಗೊರೆ’ ಎನ್ನುವ ಚೌಕಕ್ಕೆ ಗುರುತು ಹಾಕಲೇಬೇಕು. ‘ಮನೆ ಸಾಮಾನು’, ‘ಬಟ್ಟೆಬರೆ’ ಎಂಬಂಥ ಗುಂಪು ಹೆಸರು ಬೇಡ. ‘ಹತ್ತಿ ಸೀರೆ, 1’, ‘ಹೆಣ್ಣುಮಗುವಿನ ಉಡುಪು, 6 ವರ್ಷ, 1’ ಹೀಗೆ ಬಿಡಿಸಿ, ಇಂಗ್ಲಿಷಿನಲ್ಲಿ ಬರೆಯಲಿ. ಇದಕ್ಕೆ ಕಾರಣವಿದೆ: ಪುಸ್ತಕಕ್ಕೆ, ಚಿಕ್ಕ ಮಕ್ಕಳ ಬಟ್ಟೆಗೆ, ಕಾಫಿಪುಡಿಗೆ ಬ್ರಿಟನ್ನಿನಲ್ಲಿ ವ್ಯಾಟ್ ದರವೇ ಸೊನ್ನೆ. ಒಟ್ಟಿಗೆ ಗಂಟು ಕಟ್ಟಿ ಬರೆದರೆ ಅವಕ್ಕೂ ಶೇ. 20 ಹಾಕಿಬಿಡುತ್ತಾರೆ. ಎಚ್‌ಎಸ್ ಕೋಡ್ (ಸರಕಿನ ಬಗೆ ತಿಳಿಸುವ ಕಸ್ಟಮ್ಸ್ ಸಂಖ್ಯೆ) ಕೇಳಿದರೆ ಪುಸ್ತಕಕ್ಕೆ 4901, ಕಾಫಿಗೆ 0901.

ಇನ್ನೊಂದು, ಬೆಲೆಯ ಮುಂದೆ ರೂಪಾಯಿ ಎಂದು ಸ್ಪಷ್ಟವಾಗಿ ಇರಲಿ. ಬರೀ 4000 ಎಂದಿದ್ದರೆ ಅದನ್ನು ಬೇರೆ ಕರೆನ್ಸಿ ಎಂದು ಓದಿಕೊಳ್ಳುವ ಅಪಾಯ ಇದ್ದೇ ಇದೆ. ರೂಪಾಯಿಯಿಂದ ಪೌಂಡಿಗೆ ಇಲ್ಲಿನ ತೆರಿಗೆ ಇಲಾಖೆ, ಎಚ್‌ಎಂಆರ್‌ಸಿ, ಪ್ರತಿ ತಿಂಗಳು ಪ್ರಕಟಿಸುವ ದರದಲ್ಲಿ ಲೆಕ್ಕ ಹಾಕುತ್ತಾರೆ. ಅಂಚಿನಲ್ಲಿದ್ದರೆ 38.50 ಅಂತ ಎಳೆಯಬೇಡಿ, ಒಂದೆರಡು ಪೌಂಡ್ ಜಾಗ ಬಿಡಿ.

ತುಂಗಾತೀರ:

ತುಂಬಾ ಉಪಕಾರವಾಯಿತು. ಸೀರೆಯನ್ನು ಬೆಂಗಳೂರಿನ ಅಂಗಡಿಯವರೇ ನೇರವಾಗಿ ನಮ್ಮ ವಿಳಾಸಕ್ಕೆ ಕಳಿಸುತ್ತಾರಂತೆ, ದುಡ್ಡು ಅಮ್ಮ ಕೊಡುತ್ತಾರೆ. ಆಗಲೂ ಉಡುಗೊರೆಯೇ ತಾನೆ? ಮೈಸೂರು ಪಾಕ್ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಕಾವೇರಿಕಣಿವೆ ಉತ್ತರ:

ಅಲ್ಲ ಎಂದೇ ಇಟ್ಟುಕೊಳ್ಳಿ. ಉಡುಗೊರೆ ಎನಿಸಿಕೊಳ್ಳಬೇಕಾದರೆ ಒಬ್ಬ ವ್ಯಕ್ತಿ ಕೊಂಡು ಇನ್ನೊಬ್ಬ ವ್ಯಕ್ತಿಗೆ ಕಳಿಸಿರಬೇಕು, ಹುಟ್ಟುಹಬ್ಬ, ಹಬ್ಬ ಇಂಥ ಸಂದರ್ಭ ಇರಬೇಕು, ಸ್ವಂತ ಬಳಕೆಗೆ ಇರಬೇಕು. ಅಂಗಡಿಯಿಂದ ಇನ್‌ವಾಯ್ಸ್ ಅಂಟಿಸಿಕೊಂಡು ಬಂದದ್ದನ್ನು ಮಾರಾಟದ ಸರಕು ಎಂದೇ ನೋಡುತ್ತಾರೆ, 39 ಪೌಂಡ್ ಮಾಫಿ ಹೋಯಿತು. ಸೀರೆ ಮೊದಲು ಶಿವಮೊಗ್ಗಕ್ಕೆ ಬರಲಿ, ಅಮ್ಮ ಅದನ್ನು ಉಳಿದವುಗಳ ಜೊತೆ ತಮ್ಮ ಹೆಸರಿನಲ್ಲಿ ಕಳಿಸಲಿ.

ನೀವೇ ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ದಾರಿ ಬೇರೆ. 2021ರ ಜನವರಿ 1ರಿಂದ 135 ಪೌಂಡ್‌ವರೆಗಿನ ಮಾರಾಟಕ್ಕೆ ಬ್ರಿಟನ್ನಿನ ವ್ಯಾಟನ್ನು ಮಾರುವವರೇ, ಅಥವಾ ಮಾರಾಟ ನಡೆಯುವ ಜಾಲತಾಣದವರೇ, ಬೆಲೆಯ ಜೊತೆಗೆ ವಸೂಲು ಮಾಡಿ ಕಟ್ಟಬೇಕು. ದುಡ್ಡು ಕೊಡುವ ಮೊದಲೇ ವ್ಯಾಟ್ ಸೇರಿದೆಯೇ ಎಂದು ಕೇಳಿ, ರಸೀದಿಯಲ್ಲಿ ಅದು ಕಾಣಬೇಕು. ಇಲ್ಲಿ ಬಾಗಿಲಲ್ಲಿ ಮತ್ತೆ ಕೇಳಿದರೆ ತೋರಿಸಲು ಅದೊಂದೇ ಆಧಾರ. ಮಾರಾಟದ ಸರಕಿಗೆ 135ರ ಸುಂಕ ಮಾಫಿಯನ್ನು 2029ರ ಮಾರ್ಚ್ ಒಳಗೆ ತೆಗೆದುಹಾಕುವುದಾಗಿ ಬ್ರಿಟನ್ ಸರ್ಕಾರ 2025ರ ನವೆಂಬರಿನ ಬಜೆಟ್‌ನಲ್ಲಿ ಹೇಳಿದೆ, ಅದನ್ನೂ ಗಮನದಲ್ಲಿಡಿ.

ಮೈಸೂರು ಪಾಕ್ ಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ತರಿಸುವಂತಿಲ್ಲ; ತುಪ್ಪ, ಖೋವಾ, ಪೇಡ, ಬರ್ಫಿ ಇಂಥವೆಲ್ಲ ಸಿಕ್ಕಿದರೆ ತೆಗೆದು ನಾಶ ಮಾಡುತ್ತಾರೆ. ಅದರ ಜೊತೆಗಿರುವ ಸೀರೆಯೂ ತಪಾಸಣೆಯ ಸಾಲಿನಲ್ಲಿ ಕೂರುತ್ತದೆ, ಹಬ್ಬ ಮುಗಿದುಹೋಗುತ್ತದೆ. ಹಸಿ ಕರಿಬೇವು, ವೀಳ್ಯದೆಲೆ, ಬಾಗಿನಕ್ಕೆಂದು ಹಸಿ ಅರಿಸಿನದ ಕೊಂಬು, ಇವನ್ನೂ ಡಬ್ಬಕ್ಕೆ ಹಾಕಬೇಡಿ. ಒಣಗಿದ ಪುಡಿಗಳು ಪರವಾಗಿಲ್ಲ, ಆದರೆ ಮನೆಯ ಡಬ್ಬಿಗಿಂತ ಅಂಗಡಿಯ ಮುಚ್ಚಿದ ಪ್ಯಾಕೆಟ್ ಮೇಲು. ಒಳಗೇನಿದೆ ಎಂದು ಅದರ ಮೇಲೇ ಮುದ್ರಿಸಿರುತ್ತದೆ.

ಅಂಚೆಪೆಟ್ಟಿಗೆ ಉತ್ತರ:

ಕಟ್ಟುವುದೆಲ್ಲಿ ಎಂಬುದು ಬಾಕಿ ಉಳಿಯಿತು. ಭಾರತೀಯ ಅಂಚೆಯ ಇಎಂಎಸ್ ಸ್ಪೀಡ್ ಪೋಸ್ಟ್ ಇಲ್ಲಿ ಪಾರ್ಸೆಲ್ ಸಾಗಿಸುವ ಕಂಪನಿ ಪಾರ್ಸೆಲ್‌ಫೋರ್ಸ್ ಕೈಗೆ ಬರುತ್ತದೆ, ಐಟಿಪಿಎಸ್ (ಜಾಡು ನೋಡಬಹುದಾದ ಸಣ್ಣ ಪ್ಯಾಕೆಟ್ ಸೇವೆ) ಪ್ಯಾಕೆಟ್‌ಗಳು ಇಲ್ಲಿನ ಅಂಚೆಯಾದ ರಾಯಲ್ ಮೇಲ್‌ಗೆ. ರಾಯಲ್ ಮೇಲ್ ಆದರೆ ಬೂದು ಬಣ್ಣದ ಕಾರ್ಡ್ ಮನೆಗೆ ಬರುತ್ತದೆ. ಅದರ ಮೇಲಿನ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿ ಬ್ಯಾಂಕ್ ಕಾರ್ಡಿನಿಂದ ಕಟ್ಟಿ, ತಲುಪಿಸುವ ದಿನ ಆರಿಸಿಕೊಳ್ಳಬಹುದು. ತೆರಿಗೆಯ ಜೊತೆಗೆ ಅವರ ನಿರ್ವಹಣಾ ಶುಲ್ಕ 8 ಪೌಂಡ್. ಪಾರ್ಸೆಲ್‌ಫೋರ್ಸ್ ಪತ್ರ ಕಳಿಸುತ್ತದೆ, ಶುಲ್ಕ ಅದಕ್ಕಿಂತ ಹೆಚ್ಚು. ಸಾಮಾನ್ಯವಾಗಿ ಮೂರು ವಾರದೊಳಗೆ ಕಟ್ಟದಿದ್ದರೆ ಪಾರ್ಸೆಲ್ ಊರಿಗೆ ವಾಪಸ್. ಖಾಸಗಿ ಕೊರಿಯರ್‌ನವರು ತಾವೇ ಮೊದಲು ಕಟ್ಟಿ ಆಮೇಲೆ ನಿಮ್ಮಿಂದ ವಸೂಲು ಮಾಡುತ್ತಾರೆ. ಅವರ ಶುಲ್ಕ ಕಟ್ಟಿದ ಮೊತ್ತದ ಇಂತಿಷ್ಟು ಪಾಲು ಅಥವಾ ಒಂದು ಕನಿಷ್ಠ ಮೊತ್ತ, ಎರಡರಲ್ಲಿ ಯಾವುದು ಹೆಚ್ಚೋ ಅದು. ಸಣ್ಣ ಪಾರ್ಸೆಲ್‌ಗೆ ತೆರಿಗೆಗಿಂತ ಶುಲ್ಕವೇ ಜಾಸ್ತಿಯಾಗುವುದು ಹೀಗೆ.

‘ನಿಮ್ಮ ಪಾರ್ಸೆಲ್ ನಿಂತಿದೆ, 1.99 ಪೌಂಡ್ ಕಟ್ಟಿ’ ಎಂದು ಬರುವ ಎಸ್ಸೆಮ್ಮೆಸ್ ಕೊಂಡಿ ಒತ್ತಲೇಬೇಡಿ. ಜಾಲತಾಣವನ್ನು ನೀವೇ ಟೈಪ್ ಮಾಡಿ, ಮನೆಗೆ ಬಂದ ಬೂದು ಕಾರ್ಡಿನ ಸಂಖ್ಯೆ ಅಲ್ಲಿ ಸಿಗುತ್ತದೆಯೇ ನೋಡಿ. ಮೋಸದ ಸಂದೇಶವನ್ನು ಅಂಥ ದೂರಿಗೆಂದೇ ಇರುವ 7726 ಸಂಖ್ಯೆಗೆ ಕಳಿಸಿ.

ತೆರಿಗೆ ತಪ್ಪಾಗಿ ಹಾಕಿದ್ದಾರೆ ಅನಿಸಿದರೆ ಅಂಚೆಯವರ ಜೊತೆ ವಾದಿಸಿ ಫಲವಿಲ್ಲ, ನಿರ್ಧರಿಸುವುದು ಬಾರ್ಡರ್ ಫೋರ್ಸ್ (ಇಲ್ಲಿನ ಗಡಿ ತಪಾಸಣಾ ಇಲಾಖೆ), ಅಂಚೆಯವರು ವಸೂಲು ಮಾಡುವವರಷ್ಟೇ. ಹಣ ಕಟ್ಟಿ ಪಾರ್ಸೆಲ್ ಬಿಡಿಸಿಕೊಳ್ಳಿ, ಆಮೇಲೆ ಬಿಒಆರ್ 286 ಎಂಬ ಫಾರಂನಲ್ಲಿ ವಾಪಸ್ ಕೇಳಿ. ಅದಕ್ಕೆ ಶುಲ್ಕದ ಲೇಬಲ್, ಸಿಎನ್ ಫಾರಂ, ಬೆಲೆಯ ರಸೀದಿ ಬೇಕು. ಹಾಗಾಗಿ ಡಬ್ಬದ ಹೊದಿಕೆಯನ್ನು ಹರಿದು ಎಸೆಯಬೇಡಿ. ಅಮ್ಮ ಸೀರೆ ರಸೀದಿಯ ಫೋಟೊವನ್ನು ಈಗಲೇ ವಾಟ್ಸಾಪ್‌ನಲ್ಲಿ ಕಳಿಸಿಟ್ಟಿರಲಿ.

ಮಲ್ಲಿಗೆಮೊಗ್ಗು ಉತ್ತರ:

ಹೊಸದಾಗಿ ಇಲ್ಲಿಗೆ ಬಂದವರು ಇದನ್ನು ಓದುತ್ತಿದ್ದರೆ ಒಂದು ಮಾತು. ಊರಲ್ಲಿ ಬಿಟ್ಟುಬಂದ ನಿಮ್ಮದೇ ಹಳೆಯ ಬಟ್ಟೆ, ಪಾತ್ರೆ ತರಿಸುವಾಗ ‘ಬಳಸಿದ್ದು’ ಎಂದು ಬರೆದ ಮಾತ್ರಕ್ಕೆ ತೆರಿಗೆ ತಪ್ಪುವುದಿಲ್ಲ, ಅದು ಉಡುಗೊರೆಯೂ ಅಲ್ಲ. ಅದಕ್ಕೆ ವಾಸಸ್ಥಳ ಬದಲಾವಣೆಯ ಮಾಫಿ ಇದೆ, ಎಚ್‌ಎಂಆರ್‌ಸಿಗೆ ಟಿಒಆರ್ 1 ಅರ್ಜಿ. ಬರುವ ಮೊದಲು ಬ್ರಿಟನ್ನಿನ ಹೊರಗೆ ಸತತ 12 ತಿಂಗಳು ವಾಸವಿದ್ದಿರಬೇಕು, ಸಾಮಾನು ಕನಿಷ್ಠ 6 ತಿಂಗಳಿಂದ ನಿಮ್ಮ ಬಳಕೆಯಲ್ಲಿರಬೇಕು, ತಂದ ಮೇಲೆ 12 ತಿಂಗಳು ಮಾರುವಂತಿಲ್ಲ. ಅರ್ಜಿ ಒಪ್ಪಿಗೆಯಾಗಿ ಸಂಖ್ಯೆ ಬಂದ ಮೇಲೆಯೇ ಪಾರ್ಸೆಲ್ ಹೊರಡಿಸಿ, ಆ ಸಂಖ್ಯೆಯನ್ನು ಡಿಕ್ಲರೇಶನ್ ಮೇಲೆ ಬರೆಸಿ.