ಪದಚರ್ಚೆ: 'ಮಲ್ಟಿ-ರೂಮ್ ಆಡಿಯೋ', 'ಝೋನ್', 'ಸಿಂಕ್' – ಬೋರ್ಡಿಗೆ ಕನ್ನಡ ಬೇಕು, ತುರ್ತು

ತೀರ್ಥಹಳ್ಳಿಯಿಂದ:

ಗೆಳೆಯರೇ, ನಾಳೆ ಮಧ್ಯಾಹ್ನದೊಳಗೆ ಶಿವಮೊಗ್ಗದಲ್ಲಿ ಬೋರ್ಡ್ ಮಾಡುವವರಿಗೆ ಅಕ್ಷರ ಕಳಿಸಬೇಕು. ಹಾಗಾಗಿ ಪದ ಮೊದಲು, ಜಗಳ ಆಮೇಲೆ.

ತೋಟದ ಮನೆಯನ್ನು ಹೋಂಸ್ಟೇ ಮಾಡಿದ್ದೇವೆ. ತಮ್ಮ ಅಲ್ಲಿ ಹಾಡಿನ ವ್ಯವಸ್ಥೆ ಕೂರಿಸಿದ್ದಾನೆ. ಉಪ್ಪರಿಗೆಯಲ್ಲಿ ಹಾಡು ತುಂಬಿದ ಒಂದು ಕಂಪ್ಯೂಟರ್. ಜಗಲಿ, ನಡುಮನೆ, ಊಟದ ಮನೆ, ಅತಿಥಿಗಳ ಎರಡು ಕೋಣೆ, ಹೀಗೆ ಐದು ಕಡೆ ಒಂದೊಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಆಂಪ್ಲಿಫೈಯರ್, ಸ್ಪೀಕರ್. ಜಂಬಿಟ್ಟಿಗೆ ಗೋಡೆ, ವೈಫೈ ದಾಟುವುದಿಲ್ಲ. ಅಟ್ಟದ ಮೇಲಿಂದ ಕೇಬಲ್ ಎಳೆದಿದ್ದಾನೆ. ಐದೂ ಕಡೆ ಒಂದೇ ಹಾಡು ಹಾಕಬಹುದು. ಬೇಡ ಅಂದರೆ ಜಗಲಿಯಲ್ಲಿ ಭಾವಗೀತೆ, ಊಟದ ಮನೆಯಲ್ಲಿ ಕೊಳಲು.

ಪ್ರತಿ ಬಾಗಿಲ ಪಕ್ಕ ಒಂದು ಸಣ್ಣ ಫಲಕ, ಅದರಲ್ಲಿ ನಾಲ್ಕು ಗುಂಡಿ. ತಮ್ಮ ಕೊಟ್ಟ ಪಟ್ಟಿ: ಝೋನ್, ಸಿಂಕ್, ಸೋರ್ಸ್, ಮ್ಯೂಟ್. ಮೇಲೆ ದೊಡ್ಡದಾಗಿ 'ಮಲ್ಟಿ-ರೂಮ್ ಆಡಿಯೋ'. ನನಗೆ ಹೊಳೆದದ್ದು: ಬಹುಕೋಣೆ ಸಂಗೀತ, ವಲಯ, ಏಕಕಾಲ, ಮೂಲ, ಮೌನ. ಗಟ್ಟಿಯಾಗಿ ಓದಿದರೆ ಸರ್ಕಾರಿ ಸುತ್ತೋಲೆ! ಗುಂಡಿಯ ಪಕ್ಕ ಎರಡು ಇಂಚು ಜಾಗ ಇದೆ, ಅಷ್ಟೇ.

ಧಾರವಾಡದಿಂದ:

'ಬಹುಕೋಣೆ' ಅರಿಸಮಾಸ, ಸಂಸ್ಕೃತದ 'ಬಹು'ವಿಗೆ ಕನ್ನಡದ 'ಕೋಣೆ' ಅಂಟಿಸಿದ್ದು. ಬರೆಯಬೇಡಿ. 'ಹಲಕೋಣೆ' ಅನ್ನಿ.

ಸಾಗರದಿಂದ:

'ವಲಯ' ಬೇಡವೇ ಬೇಡ ಅಕ್ಕ. ನಮ್ಮ ಕಡೆ ವಲಯ ಅಂದರೆ ವಲಯ ಅರಣ್ಯಾಧಿಕಾರಿ. ಕಾಡಂಚಿನ ಮನೆಯ ಗೋಡೆ ಮೇಲೆ 'ವಲಯ 2' ಅಂತ ಕಂಡರೆ ಬಂದವರು ಇಲಾಖೆಯ ಗೆಸ್ಟ್‌ಹೌಸ್ ಅಂದುಕೊಳ್ಳುತ್ತಾರೆ. ಇನ್ನು ಕನ್ನಡ ಅಕ್ಷರದಲ್ಲಿ 'ಸಿಂಕ್' ಅಂತ ಊಟದ ಮನೆ ಬಾಗಿಲಲ್ಲಿ ಹಾಕಿ ನೋಡಿ. ಎಲ್ಲರೂ ಕೈ ತೊಳೆಯೋಕೆ ಹುಡುಕ್ತಾರೆ.

ಮೈಸೂರಿನಿಂದ:

ಧಾರವಾಡದವರೇ, ವ್ಯಾಕರಣ ಬರೆದ ಕೇಶಿರಾಜ ಅರಿಸಮಾಸ ಬೇಡ ಅಂದದ್ದು ಹದಿಮೂರನೇ ಶತಮಾನದಲ್ಲಿ. ಅವನೇ ಬಿರುದಾವಳಿಗೆ, ಹಳೆಯ ಕವಿಗಳ ಪ್ರಯೋಗಕ್ಕೆ ವಿನಾಯಿತಿ ಕೊಟ್ಟ. ನಿಮ್ಮ ಲೆಕ್ಕ ಹಿಡಿದರೆ ಮೊದಲು ರೈಲುನಿಲ್ದಾಣ ಕೆಡವಬೇಕು, ಕರೆಂಟುಕಂಬ ಕೀಳಬೇಕು.

ನನ್ನ ತಕರಾರು 'ಕೋಣೆ'ಯ ಮೇಲೆ. ಅಡುಗೆಮನೆ, ದೇವರಮನೆ, ಬಚ್ಚಲುಮನೆ, ಅವರೇ ಬರೆದ ನಡುಮನೆ. ಒಂದೊಂದು ಕೋಣೆಯನ್ನೂ ನಾವು ಮನೆ ಅಂತಲೇ ಕರೆದವರು. ಹಾಗಿರುವಾಗ 'ಹಲಕೋಣೆ' ಯಾರ ಬಾಯಲ್ಲಿ ಬರುತ್ತೆ?

ಧಾರವಾಡದಿಂದ:

ರೈಲು ಸಂಸ್ಕೃತ ಅಲ್ಲ. ಅರಿಸಮಾಸದ ಮಾತು ಸಂಸ್ಕೃತ-ಕನ್ನಡದ್ದು. ಸೂತ್ರ ಮತ್ತೆ ಓದಿ.

ಬೆಂಗಳೂರಿನಿಂದ:

ಇಬ್ಬರೂ ತಪ್ಪು ಕಡೆ ಹೊರಟಿದ್ದೀರಿ. ಸಂಗೀತ, ಮೂಲ, ಮೌನ, ಏಕಕಾಲ ಎಲ್ಲ ಸಂಸ್ಕೃತದ ಸಾಲ. ನಮ್ಮದೇ 'ಉಲಿ' ಇದೆ, 'ಬಾನುಲಿ' ಆಗಲೇ ಬಳಕೆಯಲ್ಲಿದೆ. ಸಿಂಕ್‌ಗೆ 'ಒಡನುಲಿ'. ಆಡಿಯೋಗೆ 'ಸದ್ದು'. ಅಪ್ಪಟ ಕನ್ನಡ.

ಮೈಸೂರಿನಿಂದ:

'ಸದ್ದು' ಶಬ್ದದ ತದ್ಭವ. ಅಪ್ಪಟ ಅಂತೆ!

ಹೊಸನಗರದಿಂದ:

ನಾನು ಮದ್ದಳೆ ಬಾರಿಸುವವನು, ವ್ಯಾಕರಣ ಗೊತ್ತಿಲ್ಲ. ಸಿಂಕ್ ಅಂದರೆ 'ಶ್ರುತಿ ಸೇರಿಸು' ಆಗುವುದಿಲ್ಲವೇ? ಇಲ್ಲಾ 'ಮೇಳ' ಅನ್ನಿ. ಹಿಮ್ಮೇಳ ಅಂತ ಇದೆಯಲ್ಲ.

ತೀರ್ಥಹಳ್ಳಿಯಿಂದ:

ಶ್ರುತಿ ಸ್ವರದ ಎತ್ತರಕ್ಕೆ ಸಂಬಂಧಿಸಿದ್ದು ಅಲ್ವಾ? ಇಲ್ಲಿ ತೊಂದರೆ ಹೊತ್ತಿನದು. ತಮ್ಮ ಹಾಕಿರುವುದು ಸ್ನ್ಯಾಪ್‌ಕಾಸ್ಟ್ ಅನ್ನುವ ತಂತ್ರಾಂಶ. ಉಪ್ಪರಿಗೆಯ ಕಂಪ್ಯೂಟರ್ ಹಾಡನ್ನು ತುಣುಕು ಮಾಡಿ, ಪ್ರತಿ ತುಣುಕಿಗೂ ಸಮಯದ ಮುದ್ರೆ ಹೊಡೆದು ಕಳಿಸುತ್ತದೆ. ಐದೂ ಪೆಟ್ಟಿಗೆಗಳು ಒಂದಿಷ್ಟು ಕೂಡಿಟ್ಟುಕೊಂಡು, ಸರಿಯಾಗಿ ಆ ಹೊತ್ತಿಗೆ ನುಡಿಸುತ್ತವೆ. ಒಂದರ ಗಡಿಯಾರ ಕೊಂಚ ಹಿಂದೆ ಮುಂದೆ ಆದರೆ ಅಲ್ಲಲ್ಲಿ ಸದ್ದಿನ ಒಂದು ಕಣ (ಸ್ಯಾಂಪಲ್) ಬಿಡುತ್ತದೆ, ಇಲ್ಲಾ ಸೇರಿಸುತ್ತದೆ. ಸಿಡಿ ಹಾಡಿನಲ್ಲಿ ಸೆಕೆಂಡಿಗೆ 44,100 ಕಣ. ಒಂದೆರಡು ಹೋದರೆ ಕಿವಿಗೆ ಗೊತ್ತಾಗುವುದಿಲ್ಲ.

ಈ ಹೊಂದಾಣಿಕೆ ತಪ್ಪಿದರೆ ಕೇಳಬೇಕು ನೀವು. ನಡುಮನೆಯಲ್ಲಿ ನಿಂತರೆ ಪಲ್ಲವಿ ಒಂದು ಸಲ ಜಗಲಿಯಿಂದ, ಹಿಂದೆಯೇ ಇನ್ನೊಂದು ಸಲ ಊಟದ ಮನೆಯಿಂದ. ಸರಿ ಇದ್ದಾಗಲೂ ದೂರದ್ದು ತಡವೇ ಅನ್ನಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ 10 ಮೀಟರ್ ದಾಟಲು ಸುಮಾರು 30 ಮಿಲಿಸೆಕೆಂಡು. ಅಷ್ಟು ಕಿವಿ ತಡೆದುಕೊಳ್ಳುತ್ತದೆ.

ಹೊಸನಗರದಿಂದ:

ಹಾಗಾದರೆ ತಾಳ. ಶ್ರುತಿ ವಾಪಸ್ ತೆಗೆದುಕೊಂಡೆ. ಆದರೆ ಗುಂಡಿ ಮೇಲೆ 'ತಾಳ' ಅಂತ ಬರೆದರೆ ತಾಳ ಹಾಕುತ್ತೆ ಅಂದುಕೊಳ್ತಾರೆ, ಅದೂ ಬೇಡ.

ಸಾಗರದಿಂದ:

ಒಂದು ಮಾತು ಅಕ್ಕ. ಯಂತ್ರ ಒಳಗೆ ಏನು ಮಾಡುತ್ತೆ ಅಂತ ಬಂದವರಿಗೆ ಯಾಕೆ? ಒತ್ತಿದರೆ ಏನಾಗುತ್ತೆ ಅಂತ ಬರೆಯಿರಿ ಸಾಕು. ಸಿಂಕ್ ಒತ್ತಿದರೆ ಎಲ್ಲ ಕಡೆ ಒಂದೇ ಹಾಡು, ಹಾಗಾದರೆ 'ಎಲ್ಲ ಕಡೆ'. ಝೋನ್ ಒತ್ತಿದರೆ 'ಇಲ್ಲಿ ಮಾತ್ರ'. ಊಟದ ಮನೆಯಲ್ಲಿ 'ಮೌನ' ಮಾತ್ರ ಬೇಡ, ಮಠದ ಪಂಕ್ತಿಯಲ್ಲಿ ಕೂತ ಹಾಗಾಗುತ್ತೆ. 'ನಿಲ್ಲಿಸಿ' ಅನ್ನಿ.

ತೀರ್ಥಹಳ್ಳಿಯಿಂದ:

'ನಿಲ್ಲಿಸಿ' ಬೇರೆ ಅರ್ಥ ಆಗುತ್ತದೆ. ಮ್ಯೂಟ್ ಮಾಡಿದರೆ ಹಾಡು ನಿಲ್ಲುವುದಿಲ್ಲ. ಬೇರೆ ಕಡೆ ಓಡುತ್ತಲೇ ಇರುತ್ತದೆ, ಇಲ್ಲಿ ಕೇಳಿಸುವುದಿಲ್ಲ ಅಷ್ಟೇ. 'ಸದ್ದು ಬೇಡ' ಅಂದರೆ? ಉಳಿದೆರಡು ಒಪ್ಪಿಗೆ.

ಬೆಂಗಳೂರಿನಿಂದ:

ಇದು ಪದಚರ್ಚೆಯೋ, ಅಂಗಡಿ ಬೋರ್ಡೋ? ಪದ ಕಟ್ಟುವ ಕಡೆ ಬಿಡಿಸಿ ಹೇಳುತ್ತಾ ಹೋದರೆ ಕನ್ನಡದಲ್ಲಿ ಹೊಸ ಪದ ಹುಟ್ಟುವುದು ಯಾವಾಗ? 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ರೇಡಿಯೋ ಕೇಂದ್ರ ಶುರು ಮಾಡಿದಾಗ 'ಆಕಾಶವಾಣಿ' ಅಂತ ಹೆಸರಿಡಲಿಲ್ಲವೇ? ಅದು ಇಡೀ ದೇಶಕ್ಕೇ ಹೋಯಿತು.

ಮೈಸೂರಿನಿಂದ:

ಹೋಯಿತು. ಆದರೆ ಅದು ನಿಮಗೆ ಬೇಡವಾದ ಸಂಸ್ಕೃತದಲ್ಲೇ ಹೋಯಿತು. ಕೇಂದ್ರದ ಹೆಸರಾಗಿ ನಿಂತಿತು ಅಷ್ಟೆ. ಶಿವಮೊಗ್ಗ ಜಿಲ್ಲೆಯಲ್ಲಿ ಕೇಳಿ ನೋಡಿ: ಭದ್ರಾವತಿ ಆಕಾಶವಾಣಿ ಅಂತಾರೆ, ಆದರೆ ಹಾಕುವುದು ರೇಡಿಯೋ. 'ಆಕಾಶವಾಣಿ ಹಾಕು' ಅಂದವರು ಯಾರಿದ್ದಾರೆ? ನಿಮ್ಮ ಬಾನುಲಿಯನ್ನಂತೂ ಯಾರೂ ಹಾಕುವುದಿಲ್ಲ.

ಬೆಂಗಳೂರಿನಿಂದ:

ಹೇಳಿಕೊಟ್ಟರೆ ಹಾಕುತ್ತಾರೆ.

ತೀರ್ಥಹಳ್ಳಿಯಿಂದ:

ಅಕ್ಷರ ಕಳಿಸುತ್ತಿದ್ದೇನೆ. ಮೇಲೆ 'ಮನೆಯೆಲ್ಲ ಹಾಡು'. ಗುಂಡಿಗಳು: 'ಇಲ್ಲಿ ಮಾತ್ರ', 'ಎಲ್ಲ ಕಡೆ', 'ಸದ್ದು ಬೇಡ'. ಸೋರ್ಸ್‌ಗೆ 'ಎಲ್ಲಿಂದ' ಅಂತ ಹಾಕಿದ್ದೇನೆ. ಒತ್ತುತ್ತಾ ಹೋದರೆ ರೇಡಿಯೋ, ಫೋನ್, ನಮ್ಮ ಹಾಡು ಅಂತ ಒಂದೊಂದೇ ದೀಪ ಹತ್ತುತ್ತದೆ. ಎರಡು ಇಂಚಿನಲ್ಲಿ ಹಿಡಿಸುತ್ತದೆ. ಒತ್ತಕ್ಷರ ಬಂದ ಕಡೆ ಸಾಲಿನ ಕೆಳಗೆ ಸ್ವಲ್ಪ ಜಾಸ್ತಿ ಜಾಗ ಬಿಡಲು ಹೇಳಬೇಕು.

ಧಾರವಾಡದಿಂದ:

'ಮನೆಯೆಲ್ಲ' ಅಲ್ಲ, 'ಮನೆಯಲ್ಲೆಲ್ಲ' ಆಗಬೇಕು.

ಸಾಗರದಿಂದ:

'ಊರೆಲ್ಲ ಸುತ್ತಿ ಬಂದೆ' ಅಂತ ಹೇಳುವುದಿಲ್ಲವೇ? ಕಳಿಸಿ ಅಕ್ಕ.

ಬೆಂಗಳೂರಿನಿಂದ:

'ಫೋನ್' ಹಾಗೇ ಬಿಟ್ಟಿರಾ?

ಮೈಸೂರಿನಿಂದ:

ಅದಕ್ಕೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಬೇಡ.